ಹದಿನಾಲ್ಕು ಲೋಟ ರಿಜೆಕ್ಟ್!

ನಮ್ಮ ಅತ್ತಿಗೆ ಮುಂದೆ ಜೆಲ್ಲಿ ಇಟ್ಟರೆ ತಿನ್ನಲ್ಲ ಕಣ್ರೀ. ಮೊದಲು ಅದನ್ನ ಫೇಲ್ ಮಾಡ್ತಾರೆ!

ಅವರ ಕೆಲಸಾನೇ ಹಂಗೆ. ಗೊರಗುಂಟೆಪಾಳ್ಯದ ಆಚೆ ಒಂದು ಲ್ಯಾಬು. ಸಮುದ್ರದ ಪಾಚಿಯಿಂದ ತೆಗೆದ ಪುಡಿ ಅಲ್ಲಿಗೆ ಬರುತ್ತೆ. ಐಸ್‌ಕ್ರೀಮು, ಟೂತ್‌ಪೇಸ್ಟು ಎಲ್ಲ ಮಂದವಾಗಿ ನಿಲ್ಲೋದು ಅದರಿಂದಲೇ ಅಂತೆ. ಪುಡೀಲಿ ಮರಳು ಸೇರಿದ್ಯಾ, ತೇವ ಎಷ್ಟಿದೆ, ಕಲಸಿದ್ರೆ ಎಷ್ಟು ಗಟ್ಟಿಯಾಗುತ್ತೆ, ಎಲ್ಲಾ ನೋಡಿ ಪಾಸೋ ಫೇಲೋ ಬರೆಯೋದು ಇವರು. ಸಮುದ್ರಾನೇ ಇಲ್ಲದ ಊರಲ್ಲಿ ಕೂತು ಸಮುದ್ರಕ್ಕೆ ಮಾರ್ಕ್ಸ್ ಹಾಕ್ತಾರೆ!

ಅದನ್ನ ಲ್ಯಾಬಲ್ಲೇ ಬಿಟ್ಟು ಬಂದ್ರೆ ತಾನೇ? ಅಮೃತಹಳ್ಳೀಲಿ ನೆಂಟರ ಗೃಹಪ್ರವೇಶ. ಪಾಚಿ ಜೆಲ್ಲೀದೇ ಚೈನಾಗ್ರಾಸ್ ಹಲ್ವ ಕೊಟ್ರು. ಇವರು ಅದರ ಮೇಲೆ ದ್ರಾಕ್ಷಿ ಇಟ್ರು. ನಿಂತ್ಕೊಳ್ತು. ನಿಂಬೆಹಣ್ಣು ಇಟ್ರು. ನಿಂತ್ಕೊಳ್ತು. ಸ್ಕೂಟರ್ ಕೀ ಗೊಂಚಲು ಇಟ್ರು ನೋಡಿ, ಪಚಕ್! "ಜೆಲ್ ಸ್ಟ್ರೆಂತ್ ಸಾಲ್ದು" ಅಂತ ಮನೆ ಯಜಮಾನಿಗೇ ಹೇಳಿದ್ರು. ಆಮೇಲೆ ಆ ಮನೆ ಮಗಳ ಮದುವೆ ಆಯ್ತಂತೆ. ನಮಗೆ ಗೊತ್ತಾಗಿದ್ದು ವಾಟ್ಸಾಪ್ ಫೋಟೋ ನೋಡಿ!

ಯಲಹಂಕದಲ್ಲಿ ಅವರೆಕಾಯಿ ತಗೊಳ್ಳೋವಾಗಲೂ ಅಷ್ಟೇ, ಲ್ಯಾಬಲ್ಲಿ ಸ್ಯಾಂಪಲ್ ತೆಗೆದ ಹಂಗೆ. "ಮೇಲ್ಗಡೆದು ಬೇಡ. ಮಧ್ಯದಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ತೆಗಿ." ಹೋದ್ಸಲ ಮಾರೋ ಅಮ್ಮ ಮೂಟೆ ಬಾಯಿ ಅಗಲ ಮಾಡಿ, "ಇಂಗ್ಯಾಕಕ್ಕ ಕಷ್ಟ ಪಡ್ತೀಯ? ಒಳಕ್ಕೇ ಇಳ್ದುಬುಡು!" ಅಂದ್ಲು.

ಹಿಂಗೇ ನಗ್ತಾ ಇದ್ವಿ. ಅಪ್ಪಂಗೆ ಸ್ಟ್ರೋಕ್ ಆಯ್ತು. ಆಸ್ಪತ್ರೆಯಿಂದ ಮನೆಗೇನೋ ಬಂದ್ರು, ಆದ್ರೆ ನುಂಗೋಕೆ ಕಷ್ಟ. ನೀರು, ಕಾಫಿ ತೆಳ್ಳಗಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ, ಪುಡಿ ಹಾಕಿ ಮಂದ ಮಾಡಿ ಕೊಡಿ ಅಂದಿದ್ರು ಡಾಕ್ಟ್ರು. ಡಬ್ಬ ತಿರುಗಿಸಿದ್ರೆ ಅದೂ ಪಾಚಿ ಪುಡೀನೇ! ನಾನು ಬಿಸಿ ಕಾಫಿಗೆ ಸುರಿದೆ. ಬರೀ ಗಂಟು. ಅಪ್ಪ ಬಾಯಿಗಿಟ್ಟು ಉಗಿದು, "ಗೋಂದು" ಅಂದು ಬಾಯಿ ಮುಚ್ಚಿದವರು ಮತ್ತೆ ತೆಗೀಲೇ ಇಲ್ಲ. ನುಂಗೋದು ಅಭ್ಯಾಸ ಮಾಡಿಸೋಕೆ ಮನೆಗೆ ಬರೋ ಥೆರಪಿಸ್ಟ್ ಹುಡುಗಿ, "ಸಂಜೆ ಒಳಗೆ ಏನೂ ಕುಡೀದಿದ್ರೆ ಮೂಗಿಗೆ ನಳಿಕೆ ಹಾಕಿಸ್ಬೇಕಾಗುತ್ತೆ" ಅಂದ್ಲು.

ಅತ್ತಿಗೆ ರಜಾ ಹಾಕಿದ್ರು. ಫನೆಲ್ಲು, ಸ್ಟಾಪ್‌ವಾಚು ತಂದ್ರು. ಪುಡೀನ ಮೊದಲು ಒಣ ಸಕ್ಕರೇಲಿ ಬೆರೆಸಿದ್ರು, ಗಂಟು ಮಾಯ! ಆ ಹುಡುಗಿ ಸರಿಯಾದ ಹದಕ್ಕೆ ಕಲಸಿ ತೋರಿಸಿದ ನೀರು ಫನೆಲ್ಲಿಂದ ಎಷ್ಟು ಹೊತ್ತಲ್ಲಿ ಇಳೀತೋ, ಕಾಫಿನೂ ಅಷ್ಟೇ ಹೊತ್ತಲ್ಲಿ ಇಳೀಬೇಕು ಅಂತ ಹಟ.

"ತೆಳ್ಳಗಾಯ್ತು, ರಿಜೆಕ್ಟ್."

"ದಪ್ಪ ಆಯ್ತು, ರಿಜೆಕ್ಟ್."

"ಅತ್ತಿಗೆ, ಇದು ಕಾಫಿ, ಎಕ್ಸ್‌ಪೋರ್ಟ್ ಮಾಲಲ್ಲ!"

"ಮಾಲು ಫೇಲಾದ್ರೆ ವಾಪಸ್ ಬರುತ್ತೆ ಕಣೋ. ಮಾವ ಬರ್ತಾರಾ?"

ನಾನು ಮುಂದಿನ ಲೋಟಕ್ಕೆ ಡಿಕಾಕ್ಷನ್ ಬಗ್ಗಿಸಿದೆ.

ಹದಿನೈದನೇ ಲೋಟ ಪಾಸು. ಥೆರಪಿಸ್ಟ್ ಹುಡುಗಿ ಚಮಚದಲ್ಲಿ ಎತ್ತಿ ಬಿಟ್ಟು ನೋಡಿ ಹೂಂ ಅಂದ್ಲು. ಅಪ್ಪ ಒಂದು ಚಮಚ ನುಂಗಿದ್ರು. ಕೆಮ್ಮಲಿಲ್ಲ! ಇನ್ನೊಂದು. ಮತ್ತೊಂದು. ಅರ್ಧ ಲೋಟ ಆದ್ಮೇಲೆ ಸೊಸೆ ಮುಖ ನೋಡಿ ತೊದಲ್ತಾ ಕೇಳಿದ್ರು: "ನೀನು... ಕುಡಿದ್ಯೇನಮ್ಮಾ?"

ಬೆಳಗ್ಗೆಯಿಂದ ಅಷ್ಟು ಕಾಫಿ ಸಿಂಕಿಗೆ ಸುರಿದವರು ಒಂದು ಗುಟುಕೂ ಕುಡಿದಿರಲಿಲ್ಲ.

"ಇಲ್ಲ ಮಾವ" ಅಂದವರೇ ಮಂಚದ ಪಕ್ಕ ನೆಲದ ಮೇಲೆ ಕೂತು ಅತ್ತುಬಿಟ್ರು. ಅಪ್ಪ ಉಳಿದ ಅರ್ಧ ಲೋಟಾನ ಅವರ ಕಡೆಗೆ ತಳ್ಳಿದ್ರು.