ಎರಡು ಸಾವಿರದ ಒಂದು ರೂಪಾಯಿಯ ಗೊಬ್ಬರ

ಕಿರಂಗೂರಿನ ನಮ್ಮ ಮನೆಯ ಜಗುಲಿಯ ಮೇಲೆ ಆ ಬೆಳಿಗ್ಗೆ ಮೂವರಿದ್ದೆವು: ನಾನು, ನನ್ನ ಹೆಂಡತಿ ಜಯಮ್ಮ, ಮತ್ತು ಕಾಫಿಯ ವಾಸನೆ ಹಿಡಿದು ಬರುವ ಎದುರುಮನೆ ನಿಂಗಣ್ಣ. ಹಿಂದಿನ ದಿನವಷ್ಟೇ ಪಾಂಡವಪುರದ ಬ್ಯಾಂಕಿನಲ್ಲಿ ಎಂಟ್ರಿ ಹಾಕಿಸಿಕೊಂಡು ಬಂದಿದ್ದ ನನ್ನ ಪಾಸ್‌ಬುಕ್ಕು ನಮ್ಮ ನಡುವೆ ಅಂಗಾತ ಬಿದ್ದಿತ್ತು. ಒಪ್ಪಿಕೊಂಡುಬಿಡುತ್ತೇನೆ, ಫೋನಿನಲ್ಲಿ ದುಡ್ಡು ಕೊಡಲು ಕಲಿತ ಮೇಲೆ ನನ್ನ ಖರ್ಚು ನನಗೇ ಗುರುತು ಸಿಗುತ್ತಿಲ್ಲ. ನಾನು ಸೊಪ್ಪು ಕೊಳ್ಳುವುದು ಸಾಕಮ್ಮನ ಹತ್ತಿರ. ಪಾಸ್‌ಬುಕ್ಕು ಹೇಳುವುದು ಅವಳ ಅಳಿಯನ ಹೆಸರು. ಕ್ಷೌರದಂಗಡಿಯಂತೂ ಯಾವುದೋ ಎಂಟರ್‌ಪ್ರೈಸಸ್ ಎಂದು ಬರುತ್ತದೆ. ನನ್ನ ತಲೆಯಲ್ಲಿ ಉಳಿದಿರುವ ಕೂದಲಿಗೆ ಅಷ್ಟು ದೊಡ್ಡ ಸಂಸ್ಥೆ ಬೇಕೆ?

ಇವನ್ನೆಲ್ಲ ಹೇಗೋ ಗುರುತು ಹಚ್ಚಿದೆವು. ಒಂದು ಮಾತ್ರ ಉಳಿಯಿತು. ನಾಗಮಂಗಲದ ಯಾವುದೋ ಗೊಬ್ಬರದ ಅಂಗಡಿಗೆ ಎರಡು ಸಾವಿರದ ಒಂದು ರೂಪಾಯಿ. ನನಗೆ ಜಮೀನಿಲ್ಲ. ಇರುವುದು ಹಿತ್ತಲಲ್ಲೊಂದು ಕರಿಬೇವಿನ ಗಿಡ. ಅದು ಬಚ್ಚಲ ನೀರು ಕುಡಿದುಕೊಂಡು ಮರ್ಯಾದೆಯಾಗಿ ಬೆಳೆಯುತ್ತಿದೆ. ತಾರೀಖು ನೋಡಿದೆವು. ಅವತ್ತು ನಾವು ಕೆ.ಆರ್. ಪೇಟೆಯ ಛತ್ರದಲ್ಲಿ ಜಯಮ್ಮನ ತಮ್ಮ ಬೋರೇಗೌಡನ ಮಗಳ ಮದುವೆಯಲ್ಲಿದ್ದೆವು. ಅಲ್ಲಿ ಎಲೆ ಮುಂದೆ ಕೂತವನು ನಾಗಮಂಗಲದಲ್ಲಿ ಗೊಬ್ಬರ ಕೊಳ್ಳುವುದು ಹೇಗೆ? ನನ್ನ ಪರವಾಗಿ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಮದುವೆಯ ಮಾತು ಬಂದದ್ದೇ ಜಯಮ್ಮನ ಮುಖ ಬಾಡಿತು. ವಾರಕ್ಕೊಮ್ಮೆಯಾದರೂ ಕಿಕ್ಕೇರಿಯಿಂದ ಫೋನು ಮಾಡುತ್ತಿದ್ದ ತಮ್ಮ ಮದುವೆ ಮುಗಿದ ಮೇಲೆ ಒಂದು ಸಲವೂ ಮಾಡಿರಲಿಲ್ಲ. ತವರು ಎನ್ನುವುದು ಅವಳಿಗೆ ಉಳಿದಿದ್ದದ್ದು ಆ ಒಂದು ಫೋನಿನಲ್ಲಿ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅದೇಕೆ ಬಾಲದಲ್ಲಿ ಒಂದು ರೂಪಾಯಿ ಎಂದು ಕೇಳಿದಳು. ನಿಂಗಣ್ಣ ಲೋಟ ಕೆಳಗಿಟ್ಟ. "ಕಳ್ಳರು ಈಗ ಅಂಗೇ ಕಣಕ್ಕ. ರೌಂಡಾಗಿ ಹೊಡುದ್ರೆ ಅನುಮಾನ ಬತ್ತದೆ ಅಂತ ಒಂದ್ರುಪಾಯಿ ಸೇರ್ಸಿ ಹೊಡೀತಾರೆ."

ನಾನು ಕಂಪ್ಲೇಂಟು ಕೊಟ್ಟೆ. ಬ್ಯಾಂಕಿನ ಹುಡುಗಿ, ಅವತ್ತು ಎಲ್ಲಾದರೂ ಸ್ಕ್ಯಾನ್ ಮಾಡಿದ್ದಿರಾ ನೆನಪು ಮಾಡಿಕೊಳ್ಳಿ ಎಂದು ಎರಡೆರಡು ಸಲ ಕೇಳಿದಳು. ಏನೂ ಕೊಂಡಿಲ್ಲ ತಾಯಿ ಎಂದೆ, ಎದೆಯ ಮೇಲೆ ಕೈಯಿಟ್ಟು. ಅದು ಸತ್ಯವೂ ಆಗಿತ್ತು. ಸೈಬರ್ ಪೊಲೀಸರ ಸಹಾಯವಾಣಿಯವರೂ ಬರೆದುಕೊಂಡು, ಕಳ್ಳನ ಖಾತೆಗೆ ತಡೆ ಹಾಕಿಸುತ್ತೇವೆ ಎಂದರು. ನಾಡಿಗೇ ಉಪಕಾರ ಮಾಡಿದವನಂತೆ ಮನೆಗೆ ಬಂದು ಮಲಗಿದೆ.

ಕೆಲವು ದಿನ ಕಳೆದು ಬೋರೇಗೌಡನ ಫೋನು ಬಂತು. ಜಯಮ್ಮನಿಗಲ್ಲ, ನನಗೆ. "ಭಾವ, ಪಾಂಡವಪುರದ ನಮ್ಮ ಬೀಗರಿಗೆ ನಾಗಮಂಗಲದಲ್ಲಿ ಗೊಬ್ಬರದಂಗಡಿ ಅದೆ. ಬಿತ್ನೆ ಟೈಮ್ನಲ್ಲಿ ಅವರ ಅಕೌಂಟ್ನ ಯಾರೋ ಕಿರಂಗೂರಿನೋನು ಮುಚ್ಚಿಸ್ಬುಟ್ಟವ್ನಂತೆ. ಯಾರು ಅಂತ ವಸಿ ವಿಚಾರಿಸ್ತೀರಾ?"

ಆಗ ಛತ್ರದ ಬಾಗಿಲು ಕಣ್ಣಿಗೆ ಕಟ್ಟಿತು. ಊಟದ ಮನೆಯ ಮುಂದೆ ಎರಡು ಮೇಜು, ಮುಯ್ಯಿಯ ದುಡ್ಡು ಬರೆದುಕೊಳ್ಳಲು. ಒಂದು ಹೆಣ್ಣಿನ ಕಡೆಯದು, ಒಂದು ಗಂಡಿನ ಕಡೆಯದು. ಎರಡರ ಮೇಲೂ ಸ್ಕ್ಯಾನ್ ಮಾಡುವ ಬೋರ್ಡು. ಪಂಕ್ತಿ ತುಂಬುತ್ತಿತ್ತು, ಒಳಗಿನಿಂದ ಹೋಳಿಗೆಯ ತುಪ್ಪದ ಘಮ ಬರುತ್ತಿತ್ತು. ಹತ್ತಿರ ಸಿಕ್ಕ ಬೋರ್ಡಿಗೆ ಫೋನು ಹಿಡಿದು, ಎರಡು ಸಾವಿರದ ಒಂದು ರೂಪಾಯಿ ಒತ್ತಿ ಒಳಗೆ ನುಗ್ಗಿದ್ದೆ. ಅದು ಗಂಡಿನ ಕಡೆಯ ಮೇಜಿನದು, ಬೀಗರು ತಮ್ಮ ಅಂಗಡಿಯಿಂದ ತಂದಿಟ್ಟ ಬೋರ್ಡು. ಬೀಗರ ವ್ಯಾಪಾರ ಯಾವುದೆಂದು ನಾನು ಕೇಳಿರಲಿಲ್ಲ. ಮದುವೆಯಲ್ಲಿ ನಾನು ವಿಚಾರಿಸಿದ್ದು ಎಲೆಗೆ ಏನೇನು ಬೀಳುತ್ತದೆ ಎಂಬುದನ್ನು ಮಾತ್ರ. ಸೋದರತ್ತೆಯ ಗಂಡನೆಂದು ಮುಂದಿನ ಸಾಲಿನಲ್ಲಿ ಮೆರೆದ ನಾನು ಹೆಣ್ಣಿನ ಕಡೆಗೆ ಬಿಡಿಗಾಸು ಮುಯ್ಯಿ ಹಾಕದೆ ಉಂಡು ಬಂದಿದ್ದೆ. ಬೋರೇಗೌಡ ಅಕ್ಕನಿಗೆ ಫೋನು ಮಾಡದೇ ಇದ್ದದ್ದು ಇದಕ್ಕೆ. ಅದು ಸಾಲದೆಂದು ಬೀಗರನ್ನು ಕಳ್ಳರೆಂದು ಬರೆಸಿಬಂದಿದ್ದೆ. ಎಲ್ಲವನ್ನೂ ಹೇಳಿದೆ. ಆ ಕಡೆ ಬೋರೇಗೌಡ ಫೋನು ಇಟ್ಟ. ಈ ಕಡೆ ಜಯಮ್ಮ ಅಡುಗೆಮನೆಗೆ ಎದ್ದು ಹೋದವಳು ಅಂದಿನಿಂದ ನನಗೆ ಬಡಿಸಿದಳೇ ಹೊರತು ಮಾತಾಡಲಿಲ್ಲ.

ಕಂಪ್ಲೇಂಟು ಹಿಂದಕ್ಕೆ ಪಡೆದು, ನಾಗಮಂಗಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಅವತ್ತು ಅದೂ ನಡೆಯಲಿಲ್ಲ. ಬೀಗರು ಕೂರಿಸಿ ಎಳನೀರು ಕೊಟ್ಟರು. ಬೈದಿದ್ದರೆ ಸುಲಭವಾಗುತ್ತಿತ್ತು. ದುಡ್ಡು ಹಿಂದಕ್ಕೆ ಕೊಡಿ ಎನ್ನಲು ನನಗೆ ಬಾಯಿಲ್ಲ, ಕೊಡಲು ಅವರಿಗೆ ಮನಸ್ಸಿಲ್ಲ. "ಮುಯ್ಯಿ ದುಡ್ಡ ವಾಪಸ್ ಕೊಡೋದು ನಮ್ಮನೇಲಿಲ್ಲ ಬುಡಿ. ಬ್ಯಾಂಕ್ನೋರು ನೀವು ವ್ಯಾಪಾರ ಮಾಡಿದ್ದೀರಿ ಅಂತವ್ರೆ. ಮಾಲು ತಕ್ಕೊಂಡೋಗಿ" ಎಂದು ಎರಡು ಮೂಟೆ ಬೇವಿನ ಹಿಂಡಿಯನ್ನು ಬಸ್ಸಿಗೆ ಹಾಕಿಸಿದರು. ಬಿಲ್ಲನ್ನೂ ಕೊಟ್ಟರು, ನನ್ನ ಹೆಸರಿಗೆ. ಕಂಡಕ್ಟರು ಮೂಟೆಗಳಿಗೆ ಲಗೇಜು ಟಿಕೆಟ್ಟು ಹರಿದ. ಕರಿಬೇವಿನ ಗಿಡದ ಪಕ್ಕ ಅವನ್ನು ಇಳಿಸಿದಾಗ, ಆ ಗಿಡ ನನ್ನನ್ನು ನೋಡಿದ ರೀತಿ ನನಗೆ ಸರಿಬರಲಿಲ್ಲ.

ಆಮೇಲೆ ಒಂದು ಭಾನುವಾರ ಬೋರೇಗೌಡ ತನ್ನ ಗೂಡ್ಸ್ ಆಟೋದಲ್ಲಿ ಬಂದ. ನನ್ನ ಕಡೆ ನೋಡದೆ ಹಿತ್ತಲಿಗೆ ಹೋಗಿ, ಎರಡೂ ಮೂಟೆ ಹೊತ್ತು ಆಟೋಗೆ ಹಾಕಿಕೊಂಡ. ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕ, ಮುಯ್ಯಿ ಬಂತು. ಮುದ್ದೆ ಇಕ್ಕು" ಎಂದ. ಜಯಮ್ಮ ಅತ್ತಳು, ಇಕ್ಕಿದಳು. ಉಂಡು ಕೈ ತೊಳೆದು ಹೊರಡುವಾಗ ಅವನು ನನ್ನ ಮುಂದೆ ಕೈ ಚಾಚಿದ. "ಎರಡೂ ಮೂಟೆ ಸೇರಿ ಎರಡು ಸಾವಿರದ್ದು. ಮ್ಯಾಲಿನ ಒಂದ್ರುಪಾಯಿ ಕೈಯಲ್ಲೇ ಕೊಡಿ ಭಾವ. ಸ್ಕ್ಯಾನ್ ಮಾಡ್ಬ್ಯಾಡಿ."

ಜೇಬು, ಗೂಡು, ದೇವರ ತಟ್ಟೆ ಎಲ್ಲ ತಡಕಿದೆ. ಮನೆಯಲ್ಲಿ ಒಂದು ನಾಣ್ಯವಿರಲಿಲ್ಲ. ಎದುರುಮನೆಗೆ ಹೋಗಿ ನಿಂಗಣ್ಣನ ಹತ್ತಿರ ಒಂದು ರೂಪಾಯಿ ಕಡ ತಂದುಕೊಟ್ಟೆ.