ಕುಳ್ಳ ಗೋಲ್‌ಕೀಪರ್ ಮತ್ತು ಇಬ್ಬರು ಕೋಚ್‌ಗಳು

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಯಾವ ಊರಿಗೆ ಯಾವ ಹೊಸಬರು ಬಂದರೂ ಈ ಗಾದೆ ಒಮ್ಮೆ ನಡೆದೇ ತೀರುತ್ತದೆ. ಒಗೆಸಿಕೊಳ್ಳುವ ಗೋಣಿ ನಾವೇ ಆಗಿದ್ದರೆ ಮಾತ್ರ ನಗು ಬರಲು ಸ್ವಲ್ಪ ತಡವಾಗುತ್ತದೆ.

ಮಲೆನಾಡಿನ ನಮ್ಮೂರು ಕೊಪ್ಪಕ್ಕೆ ಮೊಬೈಲ್ ಫೋನು ಹೊಸದಾಗಿ ಬಂದಿದ್ದ ಕಾಲ. ನಾನು ಕಾಲೇಜು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ನಮ್ಮ ಹಳೆಯ ಪಿ.ಟಿ. ಮೇಷ್ಟ್ರಿಗೆ ಫುಟ್‌ಬಾಲಿನಲ್ಲಿ ಗೊತ್ತಿದ್ದ ಮಂತ್ರ ಒಂದೇ: "ಹೊಡೀರೋ!" ಅವರು ನಿವೃತ್ತರಾದ ಮೇಲೆ ಆಡಳಿತ ಮಂಡಳಿಯವರು ಬಯಲುಸೀಮೆ ಕಡೆಯಿಂದ ಒಬ್ಬ ಕೋಚನ್ನೂ, ಅವರ ಜೊತೆಗೊಬ್ಬ ಸಹಾಯಕ ಕೋಚನ್ನೂ ಕರೆಸಿದರು. ಮೊದಲ ದಿನವೇ ಕೋಚ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಗೋಲ್‌ಕೀಪರ್ ಇಷ್ಟು ಕುಳ್ಳಗಿದ್ರೆ ಆಗಲ್ಲಪ್ಪ. ಉದ್ದ ಇರೋ ಹುಡುಗ ಸಿಗೋವರೆಗೆ ನೀನು ಆಡ್ತಿರು."

ನನಗೆ ಮೈಯೆಲ್ಲ ಉರಿದುಹೋಯಿತು. ಓದಿನಲ್ಲಿ ನಾನು ಎಲ್ಲರ ಹಿಂದೆ, ಮನೆಯಲ್ಲಿ ಅಣ್ಣನ ಹಿಂದೆ. ಲೋಕದಲ್ಲಿ ನನ್ನದು ಅಂತ ಇದ್ದದ್ದು ಆ ಎರಡು ಕಂಬಗಳ ನಡುವಿನ ಜಾಗ ಒಂದೇ.

"ಸಿಗ್ಲಿ ಸಾರ್," ಅಂದೆ. "ಸಿಕ್ಕಿದ್ರೂ ನಾನು ಜಾಗ ಬಿಡೋನಲ್ಲ."

ಬೂಟು

ಮಳೆಗಾಲದಲ್ಲಿ ನಾವು ಬರಿಗಾಲಲ್ಲೇ ಆಡುವವರು. ನಮ್ಮ ಮೈದಾನದ ಕೆಸರಲ್ಲಿ ಕಾಲ್ಬೆರಳು ಊರಿದರೆ ಮಾತ್ರ ಹಿಡಿತ ಸಿಗುತ್ತದೆ. ಕೋಚ್ ಅದನ್ನು ನೋಡಿ ಸಿಡಿಮಿಡಿಗೊಂಡರು. "ಇದೇನು ಗದ್ದೆ ನಾಟೀನಾ? ನಾಳೆಯಿಂದ ಬೂಟಿಲ್ಲದೆ ಯಾರೂ ಒಳಗೆ ಬರಕೂಡದು!"

ಬೂಟುಗಳು ಬಂದವು. ಅವುಗಳಲ್ಲಿದ್ದದ್ದು ಎರಡೇ ಅಳತೆ: ದೊಡ್ಡದು, ಮತ್ತೆ ಅದಕ್ಕಿಂತ ದೊಡ್ಡದು. ನೆಮ್ಮಾರಿನ ಹುಡುಗನೊಬ್ಬ ನಮ್ಮ ಫಾರ್ವರ್ಡ್. ಅವನು ಹೊಸ ಬೂಟು ಹಾಕಿಕೊಂಡು ಓಡಿಬಂದು ನನ್ನ ಗೋಲಿನತ್ತ ಬೀಸಿ ಒದ್ದ. ಕಾಲಿನಿಂದ ಚೆಂಡೂ ಹೊರಟಿತು, ಬೂಟೂ ಹೊರಟಿತು. ನಾನು ಬಲಕ್ಕೆ ಹಾರಿ ಬೂಟನ್ನು ಎದೆಗೆ ಅವಚಿಕೊಂಡೆ. ಚೆಂಡು ಎಡಗಡೆಯಿಂದ ನಿಧಾನವಾಗಿ ಒಳಗೆ ಹೋಯಿತು.

ಕೋಚ್ ಓಡಿಬಂದು, "ಹಿಡೀಬೇಕಾದ್ದು ಯಾವುದನ್ನೋ?" ಎಂದು ಕೂಗಿದರು.

"ಜೋರಾಗಿ ಬಂದಿದ್ದನ್ನ ಹಿಡ್ದೆ ಸಾರ್."

ಕಡುಬು

ಸಹಾಯಕ ಕೋಚಿಗೆ ನಮ್ಮ ಹೊಟ್ಟೆಯ ಜವಾಬ್ದಾರಿ. ಮ್ಯಾಚಿನ ದಿನ ಅರೆಹೊಟ್ಟೆ ಇರಬೇಕು ಎಂಬುದು ಅವರ ಕಾನೂನು. ಆದರೆ ನಮ್ಮ ತಂಡಕ್ಕೆ ಅದಕ್ಕಿಂತ ಹಳೆಯ ಕಾನೂನೊಂದಿತ್ತು: ಯಾವ ಊರಿಗೆ ಆಡಲು ಹೋದರೂ ಆ ಕಡೆಯ ಹುಡುಗನ ಮನೆಯಲ್ಲಿ ತಿಂಡಿ.

ನರಸಿಂಹರಾಜಪುರಕ್ಕೆ ಹೋದಾಗ ನಮ್ಮ ಡಿಫೆಂಡರ್ ಒಬ್ಬನ ಮನೆಗೆ ಹೋದೆವು. ಅವನ ತಾಯಿ ಹಬೆಯಾಡುವ ಕಡುಬು, ಚಟ್ನಿ, ತುಪ್ಪ ತಂದಿಟ್ಟರು. ಸಹಾಯಕ ಕೋಚ್ ನಮ್ಮ ಕಿವಿಯಲ್ಲಿ, "ಒಂದು ತಿಂದು ಸಾಕು ಅನ್ನಿ. ಹೇಗೆ ಅನ್ನೋದನ್ನ ನನ್ನ ನೋಡಿ ಕಲೀರಿ," ಅಂದರು.

ಒಂದು ತಿಂದು, ಕೈ ಅಡ್ಡ ಹಿಡಿದು, "ಸಾಕಮ್ಮ" ಅಂದರು.

"ಎಂತ ಸಂಕೋಚ ಮಾಡ್ಕಳ್ತೀರಿ, ತಿನ್ನಿ," ಎಂದು ಆ ತಾಯಿ ಇನ್ನೆರಡು ಬಡಿಸಿದರು.

ನಮ್ಮ ಕಡೆ ಮೊದಲ ಕೆಲವು "ಸಾಕು"ಗಳು ಲೆಕ್ಕಕ್ಕಿಲ್ಲ. ಅವು ಮರ್ಯಾದೆಗೆ ಹೇಳುವಂಥವು. ಈ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ, ನಾವಂತೂ ಹೇಳುವವರಲ್ಲ. ಅವರು ಪ್ರತಿ ಸಲ "ಸಾಕು" ಅಂದಾಗಲೂ ಎಲೆಗೆ ಕಡುಬು ಬೀಳುತ್ತಿತ್ತು. ಕೊನೆಗೆ ಅವರು ಮಾತೇ ನಿಲ್ಲಿಸಿದರು. ಆಗ ಆ ತಾಯಿ, "ಪಾಪ, ಈಗ ಸಂಕೋಚ ಬಿಟ್ರು" ಎಂದು ಸಂತೋಷದಿಂದ ಮತ್ತೆರಡು ಹಾಕಿದರು.

ಅಂದು ಆಟದ ನಡುವಿನ ಬಿಡುವಿನಲ್ಲಿ ನಮಗೆ ಬುದ್ಧಿ ಹೇಳಬೇಕಾಗಿದ್ದ ಸಹಾಯಕ ಕೋಚ್ ಮರದ ಬುಡದಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಡಿಫೆಂಡರ್ ಮೆಲ್ಲಗೆ ಎಬ್ಬಿಸಿ ಕೇಳಿದ, "ಸಾರ್, ಅರೆಹೊಟ್ಟೆ ಅಂದ್ರೆ ಇಷ್ಟಾ, ಇನ್ನೂ ಸ್ವಲ್ಪ ತಿನ್ನಬಹುದಾ?"

ಶತ್ರು

ಶೃಂಗೇರಿಯ ತಂಡದ ವಿರುದ್ಧ ಆಟ. ಅವರ ಫಾರ್ವರ್ಡ್ ಬಹಳ ಚುರುಕು. ಕೋಚ್ ನಮ್ಮ ಇನ್ನೊಬ್ಬ ಡಿಫೆಂಡರನ್ನು ಕರೆದರು. ಪುರೋಹಿತರ ಮಗ, ಸಾಧು ಪ್ರಾಣಿ.

"ಅವನನ್ನ ಒಂದು ಗಳಿಗೆ ಬಿಡಬೇಡ. ನೆರಳಿನ ಹಾಗೆ ಅಂಟಿಕೊಂಡಿರು."

ನಮ್ಮವನು ಅಂಟಿಕೊಂಡ. ಸ್ವಲ್ಪ ಹೊತ್ತಿಗೆ ನೋಡಿದರೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಮಾತಾಡುತ್ತಿದ್ದಾರೆ. ಚೆಂಡು ಪಕ್ಕದಲ್ಲೇ ಹಾದುಹೋದರೂ ಇಬ್ಬರಿಗೂ ಪುರುಸೊತ್ತಿಲ್ಲ. ಗೋಲೂ ಆಗಲಿಲ್ಲ ಅನ್ನಿ, ಆದರೆ ಕೋಚ್ ಅವರ ಮುಖ ಕೆಂಪೇರಿತು.

"ಏಯ್! ಮೈದಾನಕ್ಕೆ ಇಳಿದ ಮೇಲೆ ಅವನು ನಿನ್ನ ಶತ್ರು ಕಣೋ!"

ನಮ್ಮವನು ಗಾಬರಿಯಾದ. "ಮೊದ್ಲೇ ಹೇಳೂಕಾಗ್ಲಿಲ್ವಾ ಸಾರ್? ಹೋದ ತಿಂಗ್ಳಷ್ಟೇ ಅಕ್ಕನ್ನ ಅವ್ರ ಮನೆಗೆ ಕೊಟ್ಟಾಯ್ತಲ್ಲ!"

ಪೆನಾಲ್ಟಿ

ಕೊನೆಗೂ ಕೋಚಿಗೆ ಉದ್ದದ ಹುಡುಗ ಸಿಕ್ಕಿಬಿಟ್ಟ. ಕಮ್ಮರಡಿಯವನು, ವಾಲಿಬಾಲ್ ಆಡುವವನು, ನನ್ನ ತಲೆ ಅವನ ಎದೆಗೆ ಬರುತ್ತಿತ್ತು. ನನ್ನನ್ನು ಹೊರಗೆ ಕೂರಿಸಿದರು. ಅಂದು ಮನೆಗೆ ಹೋಗಿ ಅತ್ತಿದ್ದೂ ನಿಜ, ಮಾರನೇ ದಿನ ಗ್ಲೌಸ್ ಹಾಕಿಕೊಂಡು ಮೊದಲು ಬಂದು ನಿಂತವನು ನಾನೇ ಎಂಬುದೂ ನಿಜ. ಮೈದಾನದಲ್ಲಿ ನೀರು ನಿಂತಿದ್ದರಿಂದ ಅವನಿಗೆ ವಾಲಿಬಾಲ್ ಅಂಗಳದಲ್ಲೇ ತರಬೇತಿ. ನಾನು ದಿನಾ ಬದಿಯಲ್ಲಿ ನಿಂತು ನೋಡುತ್ತಿದ್ದೆ. "ನಿನಗೇನು ಕೆಲಸ ಇಲ್ಲಿ?" ಎಂದು ಕೋಚ್ ಗದರಿದರೂ ಕದಲಲಿಲ್ಲ.

ನರಸಿಂಹರಾಜಪುರದವರು ನಮ್ಮಲ್ಲಿಗೆ ಆಡಲು ಬಂದರು. ಇಲ್ಲಿ ನಮ್ಮ ಗೋಲಿನ ಕಂಬಗಳ ಬಗ್ಗೆ ಒಂದು ಮಾತು ಹೇಳಬೇಕು. ಅವು ಮರದವು. ಪ್ರತಿ ಮಳೆಗಾಲಕ್ಕೂ ಕೆಸರಿನೊಳಗೆ ಅಷ್ಟಷ್ಟು ಇಳಿಯುತ್ತಿದ್ದವು. ಬೇಸಿಗೆಯಲ್ಲಿ ಎತ್ತಿ ನಿಲ್ಲಿಸೋಣ ಎನ್ನುತ್ತಿದ್ದೆವು, ಬೇಸಿಗೆಯಲ್ಲಿ ಪರೀಕ್ಷೆ ಬರುತ್ತಿತ್ತು. ಹೀಗಾಗಿ ಕಂಬಗಳ ಮೇಲಿನ ಅಡ್ಡಪಟ್ಟಿ ವರ್ಷದಿಂದ ವರ್ಷಕ್ಕೆ ನನ್ನ ಎತ್ತರಕ್ಕೆ ಒಗ್ಗಿಕೊಳ್ಳುತ್ತಾ ಬಂದಿತ್ತು. ಹುಡುಗರ ಎತ್ತರವನ್ನೆಲ್ಲ ಅಳೆದ ಕೋಚ್ ಕಂಬದ ಎತ್ತರ ಅಳೆದಿರಲಿಲ್ಲ.

ನಾವು ಒಂದು ಗೋಲು ಮುಂದಿದ್ದೆವು. ಆಗ ಎತ್ತರದ ಚೆಂಡೊಂದು ಬಂತು. ಕಮ್ಮರಡಿಯವನು ವಾಲಿಬಾಲಿಗೆ ಹಾರಿದ ಹಾಗೆ ಹಾರಿದ. ಅಡ್ಡಪಟ್ಟಿಗೆ ತಲೆ ಬಡಿದ ಸದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿತು ಎನ್ನುವವರು ಈಗಲೂ ಇದ್ದಾರೆ. ಎತ್ತಿ ಕೂರಿಸಿ ನೀರು ಕೊಟ್ಟಾಗ ಅವನು ಹೇಳಿದ್ದು ಇಷ್ಟೇ: "ವಾಲಿಬಾಲಲ್ಲಿ ತಲೆ ಮೇಲೆ ಎಂತದೂ ಇರೂದಿಲ್ಲ ಮಾರಾಯ."

ಕೋಚ್ ನನ್ನತ್ತ ಬೆರಳು ತೋರಿಸಿದರು. "ಹೋಗು. ಇವತ್ತು ಗೋಲು ಬಿಟ್ಟೆಯೋ, ಇನ್ನು ಈ ಕಂಬದ ಹತ್ತಿರ ಸುಳೀಬೇಡ."

ನಾನು ಬಿಡಲಿಲ್ಲ. ಆದರೆ ಆಟ ಮುಗಿಯುವ ಹೊತ್ತಿಗೆ ನಮ್ಮವನೊಬ್ಬ ಗೋಲಿನ ಹತ್ತಿರವೇ ಎದುರಾಳಿಯನ್ನು ಕೆಡವಿದ, ಅವರಿಗೆ ಪೆನಾಲ್ಟಿ ಸಿಕ್ಕಿತು. ನನ್ನ ಜಾಗ ಉಳಿಯುವುದೂ ಹೋಗುವುದೂ ಆ ಒಂದು ಒದೆತದಲ್ಲಿತ್ತು. ಗ್ಲೌಸ್ ಬಿಗಿ ಮಾಡಿಕೊಂಡು ಗೋಲಿನ ನಡುಮಧ್ಯೆ ನಿಂತೆ.

"ಎಡಕ್ಕೆ ಹಾರೋ!" ಎಂದು ಕೋಚ್ ಒಂದು ಬದಿಯಿಂದ ಕೂಗಿದರು.

"ಬಲಕ್ಕೆ ಹಾರೋ!" ಎಂದು ಸಹಾಯಕ ಕೋಚ್ ಇನ್ನೊಂದು ಬದಿಯಿಂದ ಕೂಗಿದರು.

"ಅವನು ಬಲಗಾಲಿನವನು ಕಣ್ರೀ, ಎಡಕ್ಕೇ ಬರೋದು!"

"ಸಾರ್, ಅವನ ಕಣ್ಣು ನೋಡಿ, ಬಲಕ್ಕೇ!"

"ಇಲ್ಲಿ ಕೋಚ್ ನಾನೋ, ನೀವೋ?"

ಒದೆಯಬೇಕಾದ ಹುಡುಗ ಒಮ್ಮೆ ಅವರನ್ನು ನೋಡಿದ, ಒಮ್ಮೆ ಇವರನ್ನು ನೋಡಿದ. ಎಡವೂ ಬೇಡ ಬಲವೂ ಬೇಡ ಅನ್ನಿಸಿತೋ ಏನೋ, ಕಣ್ಣು ಮುಚ್ಚಿ ನೆಟ್ಟಗೆ ಒದ್ದ. ಚೆಂಡು ಬಂದು ನನ್ನ ಹೊಟ್ಟೆಗೆ ಬಡಿಯಿತು. ಅದನ್ನು ಅಪ್ಪಿಕೊಂಡು ಅಲ್ಲೇ ಕುಸಿದು ಕೂತೆ. ಆಟ ಮುಗಿದ ಸೀಟಿ ಕೇಳಿತು. ಗೆದ್ದಿದ್ದೆವು.

ಕೋಚ್ ಓಡಿಬಂದು ನನ್ನನ್ನು ಎತ್ತಿ ನಿಲ್ಲಿಸಿದರು. "ಇನ್ನು ಮುಂದೆ ಎಲ್ಲ ಮ್ಯಾಚಿಗೂ ನೀನೇ ಕಣೋ! ನಾವಿಬ್ಬರೂ ಅಷ್ಟು ಕೂಗಿದ್ರೂ ಅತ್ತಿತ್ತ ಅಲುಗಾಡದೆ ನಿಂತೆಯಲ್ಲ, ಅಷ್ಟು ಧೈರ್ಯ ಎಲ್ಲಿಂದ ಬಂತೋ?"

"ಧೈರ್ಯ ಎಂತದೂ ಅಲ್ಲ ಸಾರ್," ಅಂದೆ. "ನೀವಿಬ್ರೂ ಮೊದ್ಲು ಒಂದು ತೀರ್ಮಾನಕ್ಕೆ ಬನ್ನಿ ಅಂತ ಕಾಯ್ತಾ ಇದ್ದೆ."