ನಾನು ಸಾಕಿದ ಸಗಣಿ ಜೀರುಂಡೆಗಳು

ಸಗಣಿ ಜೀರುಂಡೆ ಸಾಕುವುದೇ ಕೆಲಸ ಎಂದು ಹೇಳಿಕೊಂಡವನಿಗೆ ಮರ್ಯಾದೆ ಉಳಿಯುವುದು ಕಷ್ಟ. ವಾರಕ್ಕೊಮ್ಮೆಯಾದರೂ ಏನಾದರೊಂದು ಆಗಿಯೇ ಆಗುತ್ತದೆ. ಗಂಡು ಜೀರುಂಡೆಯ ಕೋಡಿನ ಉದ್ದ ಅಪ್ಪನಿಂದ ಮಗನಿಗೆ ಹೇಗೆ ಬರುತ್ತದೆ ಎಂಬುದು ನನ್ನ ಸಂಶೋಧನೆ. ಅದಕ್ಕೆ ಕಿರವತ್ತಿ, ಸಿದ್ದಾಪುರಗಳಿಂದ ಹಿಡಿದು ತಂದ ಹುಳಗಳ ಶುದ್ಧ ತಳಿ ಬೇಕು, ಊರಿಗೊಂದು. ಅಂದರೆ ಒಂದೇ ತಾಯಿಯ ಗಂಡು ಹೆಣ್ಣುಗಳನ್ನೇ ತಲೆಮಾರುಗಟ್ಟಲೆ ಜೋಡಿ ಮಾಡುತ್ತಾ ಹೋಗಬೇಕು. ಡಬ್ಬಿ ಅದಲುಬದಲಾಯಿತೋ, ಪಿಎಚ್‌ಡಿ ಗೋವಿಂದ.

೧. ಕಿರವತ್ತಿಯಲ್ಲಿ

ಢಾಬಾದ ಹಿಂದೆ ಚಿಮಟ ಹಿಡಿದು ಸಗಣಿ ಕೆದಕುತ್ತಿದ್ದೆ. ಲಾರಿ ಡ್ರೈವರೊಬ್ಬ ಬಂದು ನಿಂತ.

"ಏನ್ ಹುಡುಕಾಕತ್ತೀರಿ ಸರ?"

"ಹುಳ."

ಪಾಪ, ಅವನೂ ಒಂದು ಕಡ್ಡಿ ಹಿಡಿದು ಪಕ್ಕದಲ್ಲೇ ಕೂತ. ಅರ್ಧ ಗಂಟೆ ಕೆದಕಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು, "ನಾ ಯಾರಿಗೂ ಹೇಳಂಗಿಲ್ರಿ. ಖರೇ ಹೇಳ್ರಿ, ಉಂಗುರ ಎಷ್ಟ್ ಗ್ರಾಮಿಂದು?" ಅಂದ.

೨. ಸಿದ್ದಾಪುರದ ಕೊಟ್ಟಿಗೆ

ಜಂತುಹುಳದ ಔಷಧಿ ಕುಡಿದ ದನದ ಸಗಣಿ ತಿಂದರೆ ನನ್ನ ಜೀರುಂಡೆಗಳು ಸಾಯುತ್ತವೆ. ಹಾಗಾಗಿ ಸಗಣಿ ಕೇಳಲು ಹೋದ ಮನೆಯಲ್ಲಿ ಮೊದಲೇ ವಿಚಾರಿಸಿದೆ.

"ಯಜಮಾನ್ರೇ, ದನಕ್ಕೆ ಹುಳದ ಔಷಧಿ ಹಾಕಿದ್ರಾ?"

"ನಿನ್ನೆಯಷ್ಟೇ ಹಾಕಿದ್ದಿ. ಎಂತಕ್ಕೆ?"

"ಹಂಗಾದ್ರೆ ಸಗಣಿ ಬೇಡ. ಹುಳ ಸತ್ತೋಗ್ತವೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಮಾ, ಹುಳ ಸಾಯ್ಲಿ ಹೇಳೇ ಎಲ್ಲರೂ ಔಷಧಿ ಹಾಕದು. ಬದುಕ್ಲಿ ಹೇಳಿ ಓಡಾಡದು ನೀನೊಬ್ನೇಯ!"

೩. ಶಿರಸಿಯ ಲ್ಯಾಬು

ಜ್ವರ ಬಂದು ಎರಡು ವಾರ ಮಲಗಿದೆ. ಹುಳಗಳ ಹೊಣೆ ಲ್ಯಾಬಿನ ಸಹಾಯಕಿ ಅಕ್ಕನಿಗೆ ಬಿತ್ತು. ಬಹಳ ಅಚ್ಚುಕಟ್ಟಿನ ಹೆಂಗಸು. ವಾಪಸು ಬಂದು ನೋಡಿದರೆ ಡಬ್ಬಿಗಳ ಮೇಲೆಲ್ಲ ಹೊಸ ಚೀಟಿ.

"ಅಕ್ಕಾ, ಏನಿದು?"

"ಸಿದ್ದಾಪುರ, ಮೂರನೇ ತಾಯಿ, ಒಂದು ಗಂಡು ಒಂದು ಹೆಣ್ಣು ಹೇಳಿ ನೀನೇ ಬರದು ಇಟ್ಟಿದ್ಯಲಾ! ಅಣ್ಣ-ತಂಗಿನ ಯಾರಾದ್ರೂ ಜೋಡಿ ಮಾಡ್ತ್ವನಾ? ಗೋತ್ರ ನೋಡದು ಬ್ಯಾಡ್ದಾ? ಅದ್ಕೇ ಸಿದ್ದಾಪುರದ ಹೆಣ್ಣುಗಳನ್ನ ಕಿರವತ್ತಿ ಗಂಡುಗಳಿಗೆ ಕೊಟ್ಟಿ, ಕಿರವತ್ತಿ ಹೆಣ್ಣುಗಳನ್ನ ಸಿದ್ದಾಪುರದ ಗಂಡುಗಳಿಗೆ ತಂದಿ. ಎಲ್ಲಾ ಡಬ್ಬಿಲೂ ಮೊಟ್ಟೆ ಇದ್ದು, ನೋಡು."

ಎರಡು ವರ್ಷದ ದುಡಿಮೆ. ನನಗೆ ನಿಜಕ್ಕೂ ಅಳು ಬಂತು.

"ಒಂದು ಡಬ್ಬಿಯನ್ನಾದರೂ ಮುಟ್ಟದೆ ಬಿಟ್ಟಿದ್ದೀರಾ?"

ಅಕ್ಕನ ಮುಖವೂ ಸಣ್ಣದಾಯಿತು.

"ಸಿದ್ದಾಪುರದ ಎರಡು ಗಂಡು ಹಾಂಗೇ ಉಳತ್ತು ತಮಾ. ಆನೂ ಎಲ್ಲಾ ಡಬ್ಬಿಲೂ ರಾಶಿ ಹುಡುಕಿದಿ. ಎಂತ ಮಾಡದು, ಈಗ ಊರಲ್ಲಿಪ್ಪ ಗಂಡಿಗೆ ಹೆಣ್ಣೇ ಸಿಕ್ತಿಲ್ಲೆ!"